ಸಾಕವ್ವನಿಗೆ ಅತ್ತವರು, ಸೀಟಿ ಹೊಡೆದವರು

ನಾವು ಭದ್ರಾವತಿಯವರು. ಕಾರ್ಖಾನೆಯ ಕೂಗಿಗೆ ಎದ್ದು, ಕಾರ್ಖಾನೆಯ ಕೂಗಿಗೆ ಉಂಡು, ಕಾರ್ಖಾನೆಯ ಕೂಗಿಗೆ ಮಲಗಿದವರು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸುವ ಕುಲುಮೆ ಹೊತ್ತಿಕೊಂಡಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಊರು ಬೆಳೀತು. ನ್ಯೂಟೌನ್ ಆಯ್ತು, ಕಾಗದನಗರ ಆಯ್ತು, ಸಾಲು ಸಾಲು ಕ್ವಾರ್ಟರ್ಸ್ ಆದವು. ನಮ್ಮ ಅಪ್ಪಂದಿರು ಆ ಕ್ವಾರ್ಟರ್ಸಿನ ಒಳಗಿರಲಿಲ್ಲ. ಅದರ ಹಿಂದಿನ ಚರಂಡಿ ದಾಟಿದರೆ ನಮ್ಮ ಕೇರಿ. ಒಳಗಿನವರು ಕಬ್ಬಿಣ ಮಾಡಿದರು, ನಮ್ಮವರು ಕಬ್ಬಿಣದ ಬೂದಿ ಹೊತ್ತರು. ಬೂದಿ ಹೊತ್ತವರ ಹೆಸರು ಮಸ್ಟರ್ ರೋಲಿನಲ್ಲೂ ಸರಿಯಾಗಿ ಇರುತ್ತಿರಲಿಲ್ಲ.

ಇಂಥ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು ಬಿ. ಕೃಷ್ಣಪ್ಪನವರು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ರಾಜ್ಯವೆಲ್ಲ ಹೊತ್ತಿ ಉರಿದಾಗ, ಹಾಸ್ಟೆಲ್ ಹುಡುಗರಿಗೆ ಏಟು ಬಿದ್ದಾಗ, ನಮ್ಮ ಕೇರಿಯಲ್ಲೂ ರಾತ್ರಿ ಮಾತು ಶುರುವಾಯಿತು. ದಲಿತ ಸಂಘರ್ಷ ಸಮಿತಿ ಅಂತ ಒಂದು ಹೆಸರು ನಮ್ಮೂರಿಂದಲೇ ಎದ್ದು ರಾಜ್ಯದ ಉದ್ದಗಲಕ್ಕೂ ಹೋಯಿತು. ಆ ಹೆಸರಿನ ನೆರಳಲ್ಲಿ ನಾವೂ ಎದೆ ಎತ್ತಿ ನಡೆಯಲು ಕಲಿತೆವು. ಹಾಡು ಕಲಿತೆವು, ತಮಟೆಗೆ ಹೊಸ ಪೆಟ್ಟು ಕಲಿತೆವು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದರಲ್ಲ, ಅದನ್ನು ಸಮುದಾಯದವರು ಬೀದಿನಾಟಕ ಮಾಡಿ ಊರೂರು ತಿರುಗಿದರು ಅಂತ ಕೇಳಿ ನಮಗೂ ನಾಟಕದ ಹುಚ್ಚು ಹತ್ತಿತು.

ಏಳು ಜನ ಸೇರಿದೆವು. ಏಳೂ ಗಂಡಸರೇ. ಬರೆದೂ ಬರೆದೂ ಒಂದು ನಾಟಕ ಮಾಡಿದೆವು. ಗುತ್ತಿಗೆದಾರನೊಬ್ಬ ಕೂಲಿ ಹಿಡಿದುಕೊಂಡದ್ದು, ಕೇರಿಯ ಮುದುಕಿಯೊಬ್ಬಳು ಅವನ ಮನೆ ಬಾಗಿಲಿಗೆ ಹೋಗಿ ಕೂತದ್ದು, ಇಷ್ಟೇ ಕಥೆ. ಕಥೆಯೇನೂ ಕಲ್ಪನೆಯಲ್ಲ. ಮುದುಕಿ ನಮ್ಮ ಪೈಕಿ ಒಬ್ಬನ ಅಜ್ಜಿಯೇ. ಆದರೆ ಮುದುಕಿಯ ಪಾತ್ರಕ್ಕೆ ಯಾರು? ನಮ್ಮಲ್ಲೇ ಒಬ್ಬ, ಮೀಸೆ ಸರಿಯಾಗಿ ಬಾರದವನು, ಅವರವ್ವನ ಸೀರೆ ಉಟ್ಟುಕೊಂಡ. ಅವನು ಸೆರಗು ಹೊದ್ದು ಬಂದರೆ ಸಾಕು, ಜನ ನಗುತ್ತಿದ್ದರು. ಅಳಬೇಕಾದ ಜಾಗದಲ್ಲೂ ನಗುತ್ತಿದ್ದರು. ನಮಗೆ ಅದು ಗೊತ್ತಾಗುತ್ತಿತ್ತು. ಗೊತ್ತಾದರೂ ಸುಮ್ಮನಿದ್ದೆವು.

ನಾಟಕದ ತಾಲೀಮು ನಡೆಯುತ್ತಿದ್ದುದು ನಮ್ಮ ಗೆಳೆಯನ ಮನೆ ಮುಂದಿನ ಹುಣಸೆಮರದ ಕೆಳಗೆ. ಗೆಳೆಯನ ತಂಗಿ ದಿನಾ ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ. ಅಕ್ಕಿ ಆರಿಸುತ್ತಲೋ, ತಮ್ಮನ ತಲೆ ಬಾಚುತ್ತಲೋ ಕೂತಿರುತ್ತಿದ್ದಳು. ಯಾರಾದರೂ ಮಾತು ಮರೆತರೆ ಒಳಗಿಂದ ಹೇಳಿಕೊಡುತ್ತಿದ್ದಳು. ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಒಂದು ಸಂಜೆ ಸೀರೆ ಉಡುವ ಹುಡುಗನಿಗೆ ಜ್ವರ. ತಾಲೀಮು ನಿಂತಿತು. ಅವಳು ಅಲ್ಲೇ ಎದ್ದು ನಿಂತಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಗುತ್ತಿಗೆದಾರನ ಬಾಗಿಲಿಗೆ ಬಂದ ಮುದುಕಿಯಾಗಿ ಕೂತಳು. ಮಾತಾಡಲಿಲ್ಲ, ಸುಮ್ಮನೆ ಕೂತಳು, ಅಷ್ಟೆ. ಹದಿನೇಳರ ಹುಡುಗಿಯ ಬೆನ್ನು ಎಪ್ಪತ್ತರ ಬೆನ್ನಾಗಿತ್ತು. ಗುತ್ತಿಗೆದಾರನ ಪಾತ್ರ ಮಾಡುತ್ತಿದ್ದವನಿಗೆ ಬೈಯುವ ಮಾತು ಬಾಯಿಂದ ಹೊರಡಲಿಲ್ಲ.

"ಅಣ್ಣಾ, ಈ ಪಾರ್ಟು ನಾನೇ ಮಾಡ್ತೀನಿ" ಅಂದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಅಣ್ಣ, ಮೆರವಣಿಗೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನು, "ಒಳಗ್ ಹೋಗ್ತೀಯೋ ಇಲ್ವೋ" ಅಂದ. ಅವಳು ಹೋಗಲಿಲ್ಲ. "ಯಾಕೆ, ನಂಗ್ ಬರಲ್ವಾ?" ಅಂದಳು. ಅವನು ಕೈ ಎತ್ತಿದ. ನಾವು ತಡೆದೆವು. ಆದರೆ ತಡೆದದ್ದು ಕೈಯನ್ನು ಮಾತ್ರ. "ಬ್ಯಾಡ ಕಣವ್ವ, ಮೇಲ್ಗೇರಿಯೋರು ನೋಡ್ತಾರೆ, ಏನೇನೋ ಅಂತಾರೆ, ನಾಳೆ ನಿನ್ನ ಮದುವೆಗೆ ತೊಂದ್ರೆ ಆಗ್ತದೆ" ಅಂತ ಬುದ್ಧಿ ಹೇಳಿದವರು ನಾವೇ. ಸಮಾನತೆಯ ನಾಟಕ ಬರೆದ ಏಳೂ ಜನ. ಅವಳವ್ವ ಒಳಗಿಂದ, "ನಮ್ ಹೆಣ್ಮಕ್ಳು ಕುಣ್ದಿದ್ದು ಸಾಕು ಕಣಪ್ಪ, ಗುಡಿ ಮುಂದೆ ಕುಣ್ಸಿದಾರೆ, ಗೌಡ್ರ ಅಂಗಳದಾಗೆ ಕುಣ್ಸಿದಾರೆ, ಇನ್ನು ನೀವೊಬ್ರು ಬಾಕಿ" ಅಂದಳು. ಅವಳವ್ವನ ಮಾತಿನಲ್ಲಿ ನೋವಿತ್ತು, ಸತ್ಯವಿತ್ತು. ನಮ್ಮ ಮಾತಿನಲ್ಲಿ ಬರೀ ಭಯವಿತ್ತು. ಆ ತಾಯಿಯ ನೋವಿನ ಹಿಂದೆ ನಾವು ನಮ್ಮ ಭಯವನ್ನು ಅಡಗಿಸಿಕೊಂಡೆವು.

ಅದಾದ ಮೇಲಿನ ಮಾತು. ಬೆಂಗಳೂರಿನಲ್ಲಿ ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ನಾಟಕ ಮಾಡಿಸಿದ್ದಾರೆ ಅಂತ ಸುದ್ದಿ ಬಂತು. ಪುಸ್ತಕವನ್ನು ನಾವು ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ, ರಾತ್ರೋರಾತ್ರಿ ಕಡಲೆಕಾಯಿ ತಿಂದು ಮುಗಿಸುವ ಆ ಹಸಿದ ಮನೆ, ಬೆಳಗಾದರೆ ಬಾಗಿಲಿಗೆ ಬರುವ ಪೊಲೀಸರು. ಓದುತ್ತ ಓದುತ್ತ ಇದು ನಮ್ಮನೆಯೇ ಅಂದುಕೊಂಡಿದ್ದೆವು. ಚಂದಾ ಎತ್ತಿ ರಾತ್ರಿ ರೈಲು ಹತ್ತಿದೆವು. ಏಳು ಜನರಲ್ಲಿ ನಾಲ್ವರಿಗೆ ಟಿಕೆಟ್ ಇತ್ತು.

ಅಲ್ಲಿ ಸಾಕವ್ವ ಬಂದಳು. ಬಗ್ಗಿದ ಬೆನ್ನು, ಒಣಗಿದ ಬಾಯಿ, ನೆಲದಲ್ಲಿ ಏನನ್ನೋ ಹುಡುಕುವ ಕಣ್ಣು. ಬೈದರೆ ಊರೆಲ್ಲ ಕೇಳುವ ಗಂಟಲು. ನಾವು ನಗಲಿಲ್ಲ. ಪಕ್ಕದಲ್ಲಿ ಕೂತವರೂ ನಗುವ ಜಾಗದಲ್ಲಿ ನಕ್ಕು ಅಲ್ಲೇ ನಿಲ್ಲಿಸಿಬಿಡುತ್ತಿದ್ದರು. ನಮ್ಮಲ್ಲಿ ಸೀರೆ ಉಡುತ್ತಿದ್ದ ಹುಡುಗ ನಾಟಕ ಮುಗಿದ ಮೇಲೆ ಗೋಡೆಗೆ ಒರಗಿ ಅತ್ತ. "ನಾನ್ ಮಾಡಿದ್ದು ಮುದುಕಿ ಅಲ್ಲ ಕಣ್ರೋ, ಮುದುಕಿಗೆ ಮಾಡಿದ ಅವಮಾನ" ಅಂದ. ಆಮೇಲೆ ಗೊತ್ತಾಯಿತು, ಆ ಸಾಕವ್ವ ಇನ್ನೂ ಹರೆಯದ ಹೆಣ್ಣುಮಗಳು, ಹೆಸರು ಉಮಾಶ್ರೀ ಅಂತ.

ಉಮಾಶ್ರೀ ನಮ್ಮ ಕೇರಿಯಲ್ಲಿ ಹುಟ್ಟಿದವರಲ್ಲ. 1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದವರು. ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ಒಂಟಿಯಾಗಿ ಮಕ್ಕಳನ್ನು ಸಾಕಬೇಕಾಗಿ ಬಂದವರು. ಕೇರಿಯಲ್ಲಿ ಹುಟ್ಟದೆಯೂ ಕೇರಿಯ ಮುದುಕಿಯ ಬೆನ್ನು ಆ ಮೈಗೆ ಹೇಗೆ ಬಂತು ಅಂತ ರೈಲಿನಲ್ಲಿ ವಾಪಸು ಬರುವಾಗ ಜಗಳವಾಡಿದೆವು. ಒಬ್ಬ ಹೇಳಿದ, ಹಸಿವಿಗೆ ಜಾತಿ ಇಲ್ಲ. ಇನ್ನೊಬ್ಬ ಹೇಳಿದ, ಸುಳ್ಳು, ಹಸಿವಿಗೂ ಜಾತಿ ಐತೆ, ಆದ್ರೆ ಹಸಿದೋರಿಗೆ ಹಸಿದೋರು ಗೊತ್ತಾಗ್ತಾರೆ. ಎರಡನೆಯವನ ಮಾತೇ ಸರಿ ಅಂತ ಈಗಲೂ ನಮಗೆ ಅನ್ನಿಸುತ್ತದೆ.

ಊರಿಗೆ ಬಂದು ಇದನ್ನೆಲ್ಲ ಗೆಳೆಯನ ತಂಗಿಗೆ ಹೇಳಿದೆವು. ಅವಳು ಕಣ್ಣರಳಿಸಿ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು: "ಆ ಯಮ್ಮಂಗೆ ಅಣ್ಣ ತಮ್ಮ ಯಾರೂ ಇರ್ಲಿಲ್ವಾ?"

ಮರುವರ್ಷವೇ ಅವಳಿಗೆ ಮದುವೆಯಾಯಿತು. ಶಿವಮೊಗ್ಗಕ್ಕೆ ಕೊಟ್ಟರು. ಗಂಡ ಹಮಾಲಿ. ಅವಳಿಗೆ ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸುವ ಕೆಲಸ.

ಇನ್ನು ನಮ್ಮ ತಪ್ಪೊಪ್ಪಿಗೆಯ ಎರಡನೆಯ ಭಾಗ. ಒಡಲಾಳದ ಸಾಕವ್ವನಿಗೆ ಸಿನಿಮಾ ಏನು ಕೊಟ್ಟಿತು? 1984ರಲ್ಲಿ ಕಾಶೀನಾಥರ 'ಅನುಭವ' ಬಂತು. ಊರೂರಿನಲ್ಲಿ ಓಡಿತು. ಉಮಾಶ್ರೀ ಹೆಸರು ಎಲ್ಲರ ಬಾಯಿಗೂ ಬಂತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಆಕೆಗೆ ಸಿಕ್ಕಿದ್ದು ಬಹುಪಾಲು ನಗಿಸುವ ಪಾತ್ರ. ಕೆಲಸದವಳು, ಗಯ್ಯಾಳಿ, ಗಂಡಸರ ಮೇಲೆ ಬೀಳುವವಳು. ಬಾಯಿಬಿಟ್ಟರೆ ಎರಡರ್ಥದ ಮಾತು. ಬರೆದವರು ಗಂಡಸರು, ಹಣ ಹಾಕಿದವರು ಗಂಡಸರು, ನೋಡಿ ನಕ್ಕವರೂ ಗಂಡಸರು. ಬೈಗುಳ ಮಾತ್ರ ಆಕೆಗೆ.

ಒಂದು ದಿನ ಶಿವಮೊಗ್ಗದ ಟಾಕೀಸಿನಲ್ಲಿ ಅಂಥದೊಂದು ಚಿತ್ರ. ನಾವು ಐದು ಜನ ಮುಂದಿನ ಬೆಂಚಿನಲ್ಲಿದ್ದೆವು. ಉಮಾಶ್ರೀ ತೆರೆ ಮೇಲೆ ಬಂದರು, ಏನೋ ಅಂದರು, ಟಾಕೀಸು ಟಾಕೀಸೇ ಎದ್ದು ಕೂಗಿತು. ನಾವೂ ಕೂಗಿದೆವು. ನಮ್ಮಲ್ಲಿ ಇಬ್ಬರು ಬಾಯಿಗೆ ಬೆರಳಿಟ್ಟು ಸೀಟಿ ಹೊಡೆದರು. ಅದರಲ್ಲೊಬ್ಬ, ಬೆಂಗಳೂರಿನಲ್ಲಿ ಗೋಡೆಗೆ ಒರಗಿ ಅತ್ತವನೇ.

ಆಟ ಬಿಟ್ಟು ಹೊರಗೆ ಬಂದರೆ ಹೆಂಗಸರ ಕಡೆಯ ಬಾಗಿಲಲ್ಲಿ ಅವಳು. ಕಂಕುಳಲ್ಲಿ ಮಗು. ಅದೇ ಚಿತ್ರಕ್ಕೆ ಬಂದಿದ್ದಳು. ನಮ್ಮನ್ನು ನೋಡಿ ನಗಲಿಲ್ಲ.

"ಚೆನ್ನಾಗಿದೀಯೇನವ್ವ?" ಅಂದೆವು.

"ಚೆನ್ನಾಗಿದೀನಿ. ಸೀಟಿ ಹೊಡ್ದಿದ್ದು ನೀವೇ ಅಲ್ವಾ? ಧ್ವನಿ ಗೊತ್ತಾಯ್ತು" ಅಂದಳು. ನಾವು ತಲೆ ತಗ್ಗಿಸಿದೆವು. ಅವಳು ಬಿಡಲಿಲ್ಲ. "ಸಾಕವ್ವ ಸಾಕವ್ವ ಅಂತ ಒಂದ್ ರಾತ್ರಿಯೆಲ್ಲ ಹೇಳಿದ್ರಿ. ಇವ್ಳೇ ತಾನೆ ಆ ಸಾಕವ್ವ? ಮಂಡೀಲಿ ನಾವು ಅಡಿಕೆ ಆರಿಸ್ತೀವಿ. ರಾಶಿ ಒಂದ್ ಕಡೆ, ಬೆಟ್ಟೆ ಒಂದ್ ಕಡೆ, ಗೊರಬಲು ಒಂದ್ ಕಡೆ. ಹಂಗೇ ಹೆಣ್ಮಕ್ಳ ಮೊಖಾನೂ ಆರಿಸ್ತಾರೆ ಅನ್ನಿ ಸಿನಿಮಾದೋರು. ಬೆಳ್ಳಗಿರೋದು ಹೀರೋಯಿನ್ನಿಗೆ, ನಮ್ಮಂಥದು ಗೊರಬಲಿಗೆ. ಆರಿಸೋರು ಅವ್ರಾದ್ರೆ ಕೊಳ್ಳೋರು ನೀವು."

ಮಗು ಅತ್ತಿತು. ಅವಳು ಬಸ್ ಸ್ಟ್ಯಾಂಡಿನ ಕಡೆ ಹೋದಳು. ನಾವು ಭದ್ರಾವತಿಯ ಕೊನೆ ಬಸ್ಸಿನಲ್ಲಿ ಒಬ್ಬರಿಗೊಬ್ಬರು ಮಾತಾಡದೆ ಬಂದೆವು. ಎಷ್ಟೋ ಭಾಷಣ ಕೇಳಿದ್ದೇವೆ. ಅಂಥ ಭಾಷಣ ಕೇಳಿಲ್ಲ.

ಗೆಳೆಯರೇ, ಇಲ್ಲಿ ಒಂದು ಲೆಕ್ಕ ಮಾಡಬೇಕು. ಕಾರಂತರ 'ಚೋಮನ ದುಡಿ'ಯನ್ನು 1975ರಲ್ಲಿ ಬಿ.ವಿ. ಕಾರಂತರು ಚಿತ್ರ ಮಾಡಿದರು. ಸ್ವರ್ಣಕಮಲ ಬಂತು. ಚೋಮನಾದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೆಯ ಚಿತ್ರ, ನಾವೂ ನೋಡಿ ಅತ್ತಿದ್ದೇವೆ. ಆದರೆ ಚೋಮನ ಮಗಳು ಬೆಳ್ಳಿಯಾಗಲು ಕೇರಿಯ ಒಬ್ಬ ಹುಡುಗಿ ಬೇಕು ಅಂತ ಆ ಕಾಲದಲ್ಲಿ ಯಾರಾದರೂ ಕೇಳಿದರೆ? ನಾವೂ ಕೇಳಲಿಲ್ಲ. ಅಮೆರಿಕದಲ್ಲೂ ಇದೇ ಕಥೆ. ಡಕೋಟ, ಲಕೋಟ ಅಂತ ಹೆಸರಿರುವ ಅಲ್ಲಿನ ಮೂಲನಿವಾಸಿಗಳ ನೆಲ ಕಿತ್ತುಕೊಂಡರು. ಆಮೇಲೆ ಅವರ ಕಥೆಯನ್ನು ಸಿನಿಮಾ ಮಾಡಿದರು. ಬಿಳಿಯರೇ ಮುಖಕ್ಕೆ ಕಂದುಬಣ್ಣ ಬಳಿದುಕೊಂಡು, ತಲೆಗೆ ಗರಿ ಸಿಕ್ಕಿಸಿಕೊಂಡು ದೊಡ್ಡ ಪಾತ್ರ ಮಾಡಿದರು. ಮೂಲದವರು ಹಿಂದೆ ಗುಂಪಿನಲ್ಲಿ ನಿಂತರು. ದಶಕಗಳು ಹಂಗೇ ನಡೆಯಿತು. ನೆಲ ಹೋದವರಿಗೆ ಮೊದಲು ಹೋಗುವುದು ಅನ್ನ. ಆಮೇಲೆ ಮುಖವೂ ಹೋಗುತ್ತದೆ.

ಮುಖ ತೋರಿಸಿದವರ ಗತಿ ಏನಾಯಿತು ಅನ್ನುವುದಕ್ಕೆ ನಮ್ಮ ಪಕ್ಕದ ಕೇರಳದ ಪಿ.ಕೆ. ರೋಸಿ ಸಾಕ್ಷಿ. ಪುಲಯ ಜಾತಿಯ ಬಡ ಹೆಣ್ಣುಮಗಳು. ಕಾಕ್ಕಾರಶಿ ಅನ್ನುವ ಜನಪದ ನಾಟಕದಲ್ಲಿ ಪಾತ್ರ ಮಾಡುತ್ತಿದ್ದವಳು. 1920ರ ದಶಕದ ಕೊನೆಯಲ್ಲಿ ಜೆ.ಸಿ. ಡೇನಿಯಲ್ ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್' ತೆಗೆದಾಗ ಆಕೆಯೇ ನಾಯಕಿ. ಪಾತ್ರ ನಾಯರ್ ಮನೆತನದ ಹೆಣ್ಣಿನದು. ತಿರುವನಂತಪುರದಲ್ಲಿ ಚಿತ್ರ ತೋರಿಸಿದಾಗ ಮೇಲುಜಾತಿಯವರು ಸಿಡಿದೆದ್ದರು. ಕೀಳುಜಾತಿಯವಳು ನಾಯರ್ ಹೆಣ್ಣಾಗುವುದು ಅಂದರೇನು! ತೆರೆಗೆ ಕಲ್ಲು ತೂರಿದರು. ಆಕೆಯ ಮನೆಗೆ ಬೆಂಕಿ ಇಟ್ಟರು. ರೋಸಿ ಲಾರಿ ಹತ್ತಿ ತಮಿಳುನಾಡಿನ ಕಡೆ ಓಡಿದಳು. ನಾಗರಕೋಯಿಲಿನಲ್ಲಿ ಬೇರೆ ಹೆಸರಿಟ್ಟುಕೊಂಡು ಸಂಸಾರ ಮಾಡಿ ಬದುಕು ಮುಗಿಸಿದಳು. ಆ ಚಿತ್ರದ ಪ್ರತಿ ಉಳಿದಿಲ್ಲ. ಒಂದೇ ಒಂದು ಚಿತ್ರದಲ್ಲಿ ನಟಿಸಿದ ನಾಯಕಿ, ತೆರೆಯ ಮೇಲೆ ಆಕೆಯ ಮುಖ ನೋಡಲು ಇವತ್ತು ಯಾರಿಗೂ ಸಾಧ್ಯವಿಲ್ಲ. 2013ರಲ್ಲಿ 'ಸೆಲ್ಯುಲಾಯ್ಡ್' ಅನ್ನುವ ಚಿತ್ರ ಬಂದ ಮೇಲೆ ಬಹಳ ಜನರಿಗೆ ಆಕೆಯ ಕಥೆ ಗೊತ್ತಾಯಿತು. ನಮಗೂ ಗೊತ್ತಾದದ್ದು ಆಗಲೇ.

ಅವತ್ತು ಗೆಳೆಯನ ತಂಗಿಗೆ ನಾವು ಹೇಳಿದ ಮಾತು ನೆನಪಾಯಿತು. ಮೇಲ್ಗೇರಿಯೋರು ಏನೇನೋ ಅಂತಾರೆ. ರೋಸಿಯ ಮನೆಗೆ ಬೆಂಕಿ ಇಡಲು ಹೊರಗಿನವರು ಬರಬೇಕಾಯಿತು. ನಮ್ಮ ಕೇರಿಯಲ್ಲಿ ಅವರಿಗೆ ಆ ಶ್ರಮವನ್ನೂ ಕೊಡಲಿಲ್ಲ. ಅವರ ಪರವಾಗಿ ನಾವೇ ಹೆಣ್ಣುಮಗಳನ್ನು ಒಳಗೆ ಕಳಿಸಿ ಬಾಗಿಲು ಹಾಕಿದೆವು.

ಉಮಾಶ್ರೀ ಓಡಿಹೋಗಲಿಲ್ಲ. ಸಿಕ್ಕ ಗೊರಬಲನ್ನೇ ಹಿಡಿದು ನಿಂತರು. ಬೈದವರ ಮುಂದೆಯೇ ನಿಂತರು. 1994ರಲ್ಲಿ 'ಕೊಟ್ರೇಶಿ ಕನಸು' ಬಂತು. ಕುಂ. ವೀರಭದ್ರಪ್ಪನವರ ಕಥೆ, ಓದುವ ಆಸೆ ಹೊತ್ತ ಕೇರಿಯ ಹುಡುಗನದು. ಅದರಲ್ಲಿ ಆಕೆಯನ್ನು ನೋಡಿ ಟಾಕೀಸಿನಲ್ಲಿ ಯಾರೂ ಸೀಟಿ ಹೊಡೆಯಲಿಲ್ಲ. 2008ರಲ್ಲಿ ವೈದೇಹಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ 'ಗುಲಾಬಿ ಟಾಕೀಸು' ಮಾಡಿದರು. ಕಾಸರವಳ್ಳಿ ನಮ್ಮ ಜಿಲ್ಲೆಯ ತೀರ್ಥಹಳ್ಳಿ ಸೀಮೆಯವರು. ಕಡಲ ತೀರದ ಮೀನುಗಾರರ ನಡುವೆ ಒಂಟಿ ಮುಸ್ಲಿಂ ಸೂಲಗಿತ್ತಿ ಗುಲಾಬಿ. ಸಿನಿಮಾ ಹುಚ್ಚಿನವಳು. ಮನೆಗೆ ಟೀವಿ ಬಂದರೆ ಊರಿನ ಹೆಂಗಸರೆಲ್ಲ ಅವಳ ಮನೆಗೆ ಬರುತ್ತಾರೆ, ಗಾಳಿ ಬದಲಾದರೆ ಅವಳನ್ನೇ ಹೊರಗೆ ಹಾಕುತ್ತಾರೆ. ಊರಿನ ಮಕ್ಕಳನ್ನೆಲ್ಲ ಭೂಮಿಗೆ ಇಳಿಸಿದ ಕೈಗೆ ಊರಿನಲ್ಲಿ ಜಾಗವಿಲ್ಲ. ಅದನ್ನು ನೋಡುವಾಗ ಸಾಕವ್ವನ ಬೆನ್ನು ಮತ್ತೆ ಕಂಡಿತು. ನಡುವೆ ಎಷ್ಟು ವರ್ಷ ವ್ಯರ್ಥ ಮಾಡಿದರಲ್ಲ ಈ ಸಿನಿಮಾದವರು ಅಂತ ಹೊಟ್ಟೆ ಉರಿಯಿತು. ಸೀಟಿ ಹೊಡೆದವರ ಪಾಲೂ ಅದರಲ್ಲಿ ಇದೆ ಅಂತ ಆಮೇಲೆ ನೆನಪಾಯಿತು.

2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು ಆಕೆ ಮಂತ್ರಿಯಾದರು. ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಕಲ್ಯಾಣ. ಮಂತ್ರಿಯಾಗಿ ಆಕೆ ಏನು ಮಾಡಿದರು, ಏನು ಮಾಡಲಿಲ್ಲ ಅನ್ನುವ ವಿಚಾರಣೆ ಬೇರೆ. ಅದನ್ನು ಮಾಡಲೇಬೇಕು. ಅಧಿಕಾರಕ್ಕೆ ಹೋದವರನ್ನೆಲ್ಲ ಕೇಳಬೇಕಾದ ಪ್ರಶ್ನೆ ಅದು. ನಾವು ಇಲ್ಲಿ ಹೇಳುತ್ತಿರುವುದು ಇಷ್ಟೇ. ಯಾರ ಮಾತಿಗೆ ಗಂಡಸರು ಸೀಟಿ ಹೊಡೆದರೋ ಆಕೆ ವಿಧಾನಸೌಧದಲ್ಲಿ ಎದ್ದು ನಿಂತು ಮಾತಾಡಿದರು. ಆಮೇಲೂ ಬಣ್ಣ ಬಿಡಲಿಲ್ಲ. 2021ರ ಕೊನೆಗೆ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ ಮನೆ ಮನೆಗೆ ಬಂದರು.

ಈ ಪುಟ್ಟಕ್ಕನ ನೆಪದಲ್ಲೇ ನಾವು ಮತ್ತೆ ಗೆಳೆಯನ ತಂಗಿಯ ಮನೆಗೆ ಹೋದದ್ದು. ಏಳು ಜನರಲ್ಲಿ ಈಗ ಉಳಿದವರು ಮೂವರು. ಅವಳ ಅಣ್ಣ ತೀರಿಹೋದ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಕೃಷ್ಣಪ್ಪನವರು 1997ರಲ್ಲೇ ಹೋದರು. ಶಿವಮೊಗ್ಗದಲ್ಲಿ ತುಂಗೆಯ ಕಡೆಯ ಒಂದು ಓಣಿಯಲ್ಲಿ ಅವಳ ಮನೆ. ಅಡಿಕೆ ಆರಿಸಿ ಆರಿಸಿ ಬೆರಳ ತುದಿ ಕಪ್ಪಾಗಿ ಹೋಗಿದೆ. ಟೀವಿಯಲ್ಲಿ ಧಾರಾವಾಹಿ ಬರುತ್ತಿತ್ತು. ಅವಳು ಅದನ್ನು ನೋಡುತ್ತಲೇ ಚಾ ಕೊಟ್ಟಳು.

ಕೇಳಬೇಕು ಅಂತ ಹೋದ ಮಾತು ಗಂಟಲಲ್ಲೇ ಇತ್ತು. ಕೊನೆಗೆ ನಮ್ಮಲ್ಲಿ ಹಿರಿಯವನು ಹೇಳಿದ: "ತಂಗೀ, ಅವತ್ತು ನಾವ್ ಮಾಡಿದ್ದು ತಪ್ಪು."

ಅವಳು ಟೀವಿಯ ಧ್ವನಿ ಕಮ್ಮಿ ಮಾಡಿದಳು. "ಯಾವತ್ತು?" ಅಂದಳು. ಬೇಕೆಂತಲೇ ಅಂದಳು, ಅವಳಿಗೆ ಗೊತ್ತಿತ್ತು. ನಾವು ಹುಣಸೆಮರದ ಕೆಳಗಿನದು ಅಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ನಾಟಕದ ಪುಸ್ತಕ ಐತಾ ನಿಮ್ಮತ್ರ?"

ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದು, ಯಾವುದೋ ಮಳೆಗಾಲದಲ್ಲಿ ಸೋರಿ ಹೋಗಿತ್ತು. ಯಾರಿಗೂ ಒಂದು ಸಾಲೂ ನೆನಪಿಲ್ಲ.

ಅವಳು ನೆಲದ ಮೇಲೆ ಕೂತಳು. ಕಾಲು ಮಡಿಸಿ, ಬೆನ್ನು ಬಗ್ಗಿಸಿ, ಗುತ್ತಿಗೆದಾರನ ಬಾಗಿಲಿಗೆ ಬಂದ ಮುದುಕಿ ಕೂತ ಹಾಗೆ. ಈಗ ಬೆನ್ನು ಬಗ್ಗಿಸುವ ಕಷ್ಟವಿರಲಿಲ್ಲ, ವಯಸ್ಸೇ ಬಗ್ಗಿಸಿತ್ತು. ಮೊದಲ ಮಾತಿನಿಂದ ಶುರು ಮಾಡಿದಳು. ಮುದುಕಿಯ ಮಾತು, ಗುತ್ತಿಗೆದಾರನ ಮಾತು, ಕೂಲಿಯವರ ಮಾತು, ಏಳೂ ಜನರ ಮಾತನ್ನು ಒಬ್ಬಳೇ ಹೇಳಿದಳು. ಮೊಮ್ಮಗಳು ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತು ಅಜ್ಜಿಯನ್ನು ನೋಡುತ್ತಿದ್ದಳು. ಇಂಥ ಅಜ್ಜಿಯನ್ನು ಅವಳು ಹಿಂದೆ ನೋಡಿರಲಿಲ್ಲ ಅಂತ ಮುಖವೇ ಹೇಳುತ್ತಿತ್ತು.

ಮುಗಿದ ಮೇಲೆ ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಬರ್ಕಳ್ರಿ ಅಣ್ಣಾ. ನಾನ್ ಹೋದ್ರೆ ಇದೂ ಹೋಗ್ತದೆ" ಅಂದಳು. ಆಮೇಲೆ ಬಾಗಿಲ ಕಡೆ ನೋಡಿ, "ಇವ್ಳಿಗೂ ಕಲ್ಸಿ. ಇವ್ಳು ಕೇಳಿದ್ರೆ ಬ್ಯಾಡ ಅನ್ಬ್ಯಾಡಿ" ಅಂದಳು.

ಬರೆದುಕೊಂಡೆವು. ಮೂರು ಭಾನುವಾರ ಹಿಡಿಯಿತು. ನಾಟಕ ಈಗ ಮತ್ತೆ ಕಾಗದದ ಮೇಲಿದೆ. ಬರೆದವರ ಹೆಸರಿನ ಜಾಗದಲ್ಲಿ ಏಳು ಜನರ ಹೆಸರಿತ್ತು, ಎಂಟನೆಯದನ್ನು ಸೇರಿಸಿದ್ದೇವೆ.

ನಿಮ್ಮ ಕೇರಿಯಲ್ಲೂ ತಂಡವಿರಬಹುದು. ತಾಲೀಮು ನಡೆಯುತ್ತಿರಬಹುದು. ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕೂತವಳು ಯಾರು ಅಂತ ಒಮ್ಮೆ ತಿರುಗಿ ನೋಡಿ. ಮಾತು ಮರೆತಾಗ ಹೇಳಿಕೊಡುವವಳು ಅವಳೇ ಇರಬೇಕು.